ತಟ್ಟೆ ಕೆಟ್ಟರೂ ಲೆಕ್ಕ ಉಳಿಯುವ ಬಗೆ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಉಲ್ಲಾಸ ನದಿ ಉಕ್ಕಿ ಕಲ್ಯಾಣದ ತಗ್ಗು ಪ್ರದೇಶಗಳಿಗೆ ನುಗ್ಗಿದುದನ್ನು ಇಲ್ಲಿನ ಕನ್ನಡಿಗರು ಮರೆತಿರಲಾರರು. ಅಂದು ಮನೆಯ ಕಪಾಟಿನಲ್ಲಿದ್ದ ಮದುವೆಯ ಚಿತ್ರಗಳು, ವಿಮಾಪತ್ರಗಳು, ವೈದ್ಯರ ವರದಿಗಳು ಇಂದು ಗಣಕಯಂತ್ರದ ಹಾರ್ಡ್ ಡಿಸ್ಕ್ ಸೇರಿವೆ. ನೆನೆದ ಕಾಗದವನ್ನು ಬಿಸಿಲಿಗೆ ಹರವಿ ಓದಬಹುದು. ಕೆಟ್ಟ ಡಿಸ್ಕನ್ನು ಓದಿಸುವುದು ದುಬಾರಿಯ ಕೆಲಸ, ಫಲವೂ ಅನಿಶ್ಚಿತ. ಆದುದರಿಂದ ಅದರ ಕೆಲವು ಪಾರಿಭಾಷಿಕ ಪದಗಳನ್ನು ಗೃಹಸ್ಥರೂ ಅರಿತಿರುವುದು ಲೇಸು.

ಕಾಂತೀಯ ಲೇಪನವುಳ್ಳ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸಲ ತಿರುಗುತ್ತವೆ. ಅವುಗಳ ಮೇಲಿನ ವೃತ್ತಪಥವೇ 'ಟ್ರ್ಯಾಕ್', ಅದರ ತುಂಡೇ 'ಸೆಕ್ಟರ್'. ಓದುವ 'ಹೆಡ್' ತಟ್ಟೆಯನ್ನು ಮುಟ್ಟದೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಅದು ತಾಗಿತೆಂದರೆ ಬರಹಕ್ಕೆ ಕುತ್ತು.

ಈ ಕುತ್ತಿಗೆ ಪರಿಹಾರವಾಗಿ 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ ಎಂಬವರು 'ರೇಡ್' ಪದ್ಧತಿಯನ್ನು ವಿವರಿಸಿದರು. ಹಲವು ಅಗ್ಗದ ಡಿಸ್ಕ್‌ಗಳನ್ನು ಒಂದಾಗಿ ದುಡಿಸಿ, ಒಂದು ಕೆಟ್ಟರೂ ಉಳಿದವುಗಳಿಂದ ಮಾಹಿತಿಯನ್ನು ಮರಳಿ ಪಡೆಯುವ ಉಪಾಯವಿದು. ಒಂದೇ ಬರಹವನ್ನು ಎರಡು ಡಿಸ್ಕ್‌ಗಳಲ್ಲಿ ಇಡುವುದು 'ಮಿರರಿಂಗ್'. 'ಪ್ಯಾರಿಟಿ' ಎಂಬುದು ಇನ್ನೂ ಜಾಣತನದ್ದು; ಲೆಕ್ಕಪತ್ರ ಬಲ್ಲವರಿಗೆ ಹೊಸದೇನಲ್ಲ. ಠಾಣೆ ಶಾಖೆಯ ಜಮೆ 40, ಡೊಂಬಿವಲಿಯದು 25, ಕಲ್ಯಾಣದ್ದು 35, ಮೊತ್ತ 100 ಎಂದಿರಲಿ. ಡೊಂಬಿವಲಿಯ ಅಂಕಿ ಅಳಿಸಿಹೋದರೆ ನೂರರಿಂದ ಎಪ್ಪತ್ತೈದನ್ನು ಕಳೆದರಾಯಿತು. ಯಂತ್ರವು ಕೂಡುವ ಬದಲು ಸಮ-ಬೆಸವನ್ನು ನೋಡುತ್ತದೆ, ಅಷ್ಟೇ ವ್ಯತ್ಯಾಸ. ಐದನೆಯ ಬಗೆಯ ರೇಡ್‌ನಲ್ಲಿ ಇಂಥ 'ಮೊತ್ತ'ವನ್ನು ಎಲ್ಲ ಡಿಸ್ಕ್‌ಗಳಿಗೂ ಹಂಚಿರುತ್ತಾರೆ. ಒಂದು ಡಿಸ್ಕ್ ಹೋದರೂ ಚಿಂತೆಯಿಲ್ಲ. ಆರನೆಯದು ಎರಡು ಹೋದರೂ ತಾಳುತ್ತದೆ. ಸೊನ್ನೆಯ ಬಗೆಯಲ್ಲಿ ವೇಗವುಂಟು, ರಕ್ಷಣೆ ಸೊನ್ನೆ, ಹೆಸರು ಸಾರ್ಥಕವೆನ್ನಬೇಕು. ಕೆಟ್ಟುದರ ಬದಲು ಹೊಸ ಡಿಸ್ಕ್ ಹಾಕಿ ತುಂಬಿಸುವ 'ರೀಬಿಲ್ಡ್' ಮುಗಿಯಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ. ಆ ನಡುವೆ ಮತ್ತೊಂದು ಕೆಟ್ಟರೆ ಐದನೆಯ ಬಗೆ ಕೈಚೆಲ್ಲುತ್ತದೆ.

ಹಲವರು ಎಡವುವುದು ಮುಂದಿನ ಮಾತಿನಲ್ಲಿ. ಗುಮಾಸ್ತನು ತಪ್ಪು ಬರೆದರೆ ನಕಲು ಪುಸ್ತಕದಲ್ಲಿಯೂ ತಪ್ಪೇ ಮೂಡುತ್ತದೆ. ಹಾಗೆಯೇ, ಕಡತವನ್ನು ಅಳಿಸಿದರೆ ರೇಡ್ ಎಲ್ಲ ಡಿಸ್ಕ್‌ಗಳಿಂದಲೂ ನಿಷ್ಠೆಯಿಂದ ಅಳಿಸುತ್ತದೆ. ನೆರೆ, ಬೆಂಕಿ, ಕಳವು ಬಂದರೆ ಇಡೀ ಪೆಟ್ಟಿಗೆಯೇ ಹೋಗುತ್ತದೆ. ಬೇರೆಡೆ ಇಟ್ಟ ಹಳೆಯ ಪ್ರತಿ, ಅರ್ಥಾತ್ 'ಬ್ಯಾಕಪ್', ಪ್ರತ್ಯೇಕವಾಗಿಯೇ ಬೇಕು. ನವಿ ಮುಂಬಯಿಯ ಐರೋಲಿ, ಮಹಾಪೆಗಳಲ್ಲಿ ದೊಡ್ಡ ದತ್ತಾಂಶ ಕೇಂದ್ರಗಳಿವೆ. ಆದರೂ ಬ್ಯಾಂಕುಗಳು ಮತ್ತೊಂದು ಕೇಂದ್ರವನ್ನು ದೂರದ ಊರಿನಲ್ಲಿ ಇಟ್ಟುಕೊಳ್ಳುತ್ತವೆ. ಒಂದೇ ಮಳೆ ಎರಡನ್ನೂ ತಟ್ಟಬಾರದಷ್ಟೆ.

ಮನೆಗೂ ಇದೇ ಕ್ರಮ ಸಲ್ಲುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಪರಊರಿನಲ್ಲಿ. ಈ ವಿಷಯದಲ್ಲಿ ವಲಸೆ ಬಂದವರಿಗೆ ಊರಿನಲ್ಲಿಯೇ ಉಳಿದವರಿಗಿಂತ ಅನುಕೂಲ ಹೆಚ್ಚು. ಧಾರವಾಡದಲ್ಲೋ ಉಡುಪಿಯಲ್ಲೋ ಅಣ್ಣನ ಮನೆಯ ಬೀರು ಇದ್ದೇ ಇರುತ್ತದೆ. ಬೇಸಿಗೆ ರಜೆಗೆ ಹೋಗುವಾಗ ಹೊಸ ಪ್ರತಿಯನ್ನು ಅಲ್ಲಿಟ್ಟು ಹಳೆಯದನ್ನು ಮರಳಿ ತರಬಹುದು. ತಂದಮೇಲೆ ನಾಲ್ಕಾರು ಚಿತ್ರಗಳನ್ನು ತೆರೆದು ನೋಡುವುದನ್ನು ಮಾತ್ರ ಮರೆಯಬಾರದು.