ಡಿಸ್ಕ್ ನೋಡಿ ಪ್ಲೇಯರ್ ಕೊಳ್ಳಿ

ಲಾಟೀನಿನ ಬೆಳಕು ಗೋಡೆಯ ಮೇಲೆ ಹರಡಿ ಮೆಲ್ಲಗೆ ಕತ್ತಲಲ್ಲಿ ಕರಗುವ ದೃಶ್ಯವೊಂದನ್ನು ಓಟಿಟಿಯಲ್ಲಿ ಗಮನವಿಟ್ಟು ನೋಡಿ. ಎಷ್ಟೋ ಸಲ ಆ ಕಪ್ಪು ಪಟ್ಟೆಪಟ್ಟೆಯಾಗಿ ಒಡೆದು ಕಾಣುತ್ತದೆ. ಒಳ್ಳೆಯ ಬ್ಲೂ-ರೇ ಡಿಸ್ಕಿನಲ್ಲಿ ಅದೇ ನೆರಳು ಒಡೆಯದೆ ಇಳಿಯುತ್ತದೆ, ಗೋಡೆಯ ಸುಣ್ಣದ ಒರಟುತನವೂ ಕಣ್ಣಿಗೆ ಬೀಳುತ್ತದೆ. 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವ ಇಂಟರ್‌ನೆಟ್ ವೇಗ ಸೆಕೆಂಡಿಗೆ 15 ಮೆಗಾಬಿಟ್. ಮಾಮೂಲಿ ಬ್ಲೂ-ರೇಯಲ್ಲಿ ಚಿತ್ರವೊಂದಕ್ಕೇ 40 ಮೆಗಾಬಿಟ್‌ವರೆಗೆ ಜಾಗವಿದೆ. 4ಕೆ ಡಿಸ್ಕಿನಲ್ಲಿ ಒಟ್ಟು ವೇಗ 100ನ್ನೂ ದಾಟಬಲ್ಲದು. ಸಿನಿಮಾವನ್ನು ಪ್ರೀತಿಸುವವರ ಮನೆಯಲ್ಲಿ ಪ್ಲೇಯರ್‌ಗೆ ಇಂದಿಗೂ ಜಾಗವಿದೆ ಎನ್ನುವುದು ಇದಕ್ಕೇ.

ಆದರೆ ಪ್ಲೇಯರ್ ಆರಿಸುವ ಮುನ್ನ ನೀವು ನೋಡಬೇಕೆಂದಿರುವ ಡಿಸ್ಕುಗಳು ಯಾವುವು ಎಂದು ತೀರ್ಮಾನಿಸಿ. ಬ್ಲೂ-ರೇ ಲೋಕ ಎ, ಬಿ, ಸಿ ಎಂಬ ಮೂರು ವಲಯಗಳಾಗಿ ಹಂಚಿಹೋಗಿದೆ. ಅಮೆರಿಕ, ಜಪಾನ್ ಎ ವಲಯ. ಯುರೋಪ್, ಆಸ್ಟ್ರೇಲಿಯಾ ಬಿ. ಭಾರತ, ಚೀನಾ, ರಷ್ಯಾ ಸಿ. ಇದರ ತೊಡಕಿಗೆ ಒಂದು ಉದಾಹರಣೆ: ಸತ್ಯಜಿತ್ ರಾಯ್ ಅವರ ‘ಅಪು’ ಚಿತ್ರತ್ರಯದ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬ್ ಒಂದರ ಬೆಂಕಿಗೆ ಸಿಕ್ಕಿ ಹಾಳಾಗಿದ್ದವು. ಉಳಿದದ್ದನ್ನು ಜೋಪಾನವಾಗಿ ಸರಿಪಡಿಸಿ, ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2015ರಲ್ಲಿ ಬ್ಲೂ-ರೇ ತಂದಿತು. ಅದು ಎ ವಲಯದ ಡಿಸ್ಕ್. ನಮ್ಮ ದೇಶದ ಚಿತ್ರವೇ ಆದರೂ, ನಮ್ಮ ಅಂಗಡಿಯಲ್ಲಿ ಕೊಂಡ ಸಿ ವಲಯದ ಪ್ಲೇಯರ್ ಅದನ್ನು ಓಡಿಸುವುದಿಲ್ಲ. ಇದು ನನಗೆ ತೀರಾ ಅನ್ಯಾಯ ಅನ್ನಿಸುತ್ತದೆ.

4ಕೆ ಡಿಸ್ಕುಗಳಿಗೆ ವಲಯದ ಬೇಲಿ ಇಲ್ಲ, ಅದೊಂದು ನೆಮ್ಮದಿ. ಹಾಗೆಂದು 4ಕೆ ಪ್ಲೇಯರ್ ಕೊಂಡರೆ ಎಲ್ಲವೂ ಓಡುತ್ತದೆ ಎಂದುಕೊಳ್ಳಬೇಡಿ. ಆ ಪ್ಲೇಯರ್‌ನಲ್ಲೂ ಮಾಮೂಲಿ ಬ್ಲೂ-ರೇ ಮತ್ತು ಡಿವಿಡಿಗಳಿಗೆ ವಲಯದ ಕಟ್ಟು ಇದ್ದೇ ಇರುತ್ತದೆ. ಹೊರದೇಶದ ಡಿಸ್ಕುಗಳೇ ಹೆಚ್ಚಿದ್ದರೆ, ಎಲ್ಲ ವಲಯಕ್ಕೂ ಒಗ್ಗಿಸಿದ ಪ್ಲೇಯರ್ ಹುಡುಕುವುದು ಮೇಲು.

ಅಮೆರಿಕದಲ್ಲಿರುವ ಮಗನೋ ಮಗಳೋ ತಂದುಕೊಡುತ್ತೇನೆ ಎಂದರೆ ಇನ್ನೂ ಎರಡು ವಿಷಯ ವಿಚಾರಿಸಿ. ಹಿಂಬದಿಯಲ್ಲೋ ಅಡಾಪ್ಟರಿನ ಮೇಲೋ 100–240 ವೋಲ್ಟ್ ಎಂದು ಬರೆದಿರಬೇಕು. ಬರೀ 120 ಎಂದಿದ್ದರೆ ನಮ್ಮ 230 ವೋಲ್ಟಿಗೆ ಸುಟ್ಟುಹೋಗುತ್ತದೆ. ಇನ್ನೊಂದು, ನಮ್ಮ ಹಳೆಯ ಕನ್ನಡ ಡಿವಿಡಿಗಳಲ್ಲಿ ಹಲವು ಪಾಲ್ ಎಂಬ ಟಿವಿ ಪದ್ಧತಿಯವು. ಅಮೆರಿಕದ ಮಾರುಕಟ್ಟೆಯ ಎಷ್ಟೋ ಪ್ಲೇಯರ್‌ಗಳು ಅವನ್ನು ಓದವು. ಬೀರುವಿನಲ್ಲಿ ವಿಸಿಡಿಗಳೂ ಇದ್ದರೆ ಕೈಪಿಡಿಯಲ್ಲಿ ವಿಸಿಡಿಯ ಹೆಸರಿದೆಯೇ ನೋಡಿ.

ಟಿವಿಯ ವಿಚಾರ ಬೇಗ ಮುಗಿಯುತ್ತದೆ. ನಲವತ್ತು ಇಂಚಿನ ಫುಲ್ ಎಚ್‌ಡಿ ಟಿವಿಗೆ ಮಾಮೂಲಿ ಬ್ಲೂ-ರೇ ಪ್ಲೇಯರ್ ಧಾರಾಳ ಸಾಕು. ದೊಡ್ಡ 4ಕೆ ಟಿವಿಯಲ್ಲಿ ಬೆಳಕು-ನೆರಳನ್ನು ಹದಗೊಳಿಸುವ ಡಾಲ್ಬಿ ವಿಷನ್ ತಂತ್ರ ಇದ್ದರೆ ಪ್ಲೇಯರ್‌ನಲ್ಲೂ ಅದಿರಲಿ. ಸ್ಯಾಮ್‌ಸಂಗ್ ಟಿವಿಗಳಲ್ಲಿರುವುದು ಅಂಥದ್ದೇ ಎಚ್‌ಡಿಆರ್10 ಪ್ಲಸ್; ಪ್ಯಾನಾಸೋನಿಕ್ ಯುಬಿ820 ಪ್ಲೇಯರ್ ಎರಡನ್ನೂ ಬಲ್ಲದು. ಹಳೆಯ ಆಂಪ್ಲಿಫೈಯರ್ ಇಟ್ಟುಕೊಂಡವರು ಎರಡು ಎಚ್‌ಡಿಎಂಐ ಔಟ್‌ಪುಟ್ ಇರುವುದನ್ನೇ ಕೇಳಿ. ಒಂದು ಚಿತ್ರಕ್ಕೆ, ಇನ್ನೊಂದು ಧ್ವನಿಗೆ. ಮನೆಯಲ್ಲಿ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಆಗಲೇ ಇದ್ದರೆ ಅದರಲ್ಲೇ 4ಕೆ ಡಿಸ್ಕ್ ಓಡುತ್ತದೆ, ಡಾಲ್ಬಿ ವಿಷನ್ ಮಾತ್ರ ಸಿಗದು.

2018ರಲ್ಲಿ ಒಪ್ಪೊ ಡಿಜಿಟಲ್ ಕಂಪನಿ ಪ್ಲೇಯರ್ ತಯಾರಿಕೆ ಬಿಟ್ಟಿತು. ಮರುವರ್ಷ ಸ್ಯಾಮ್‌ಸಂಗ್ ಅಮೆರಿಕದ ಮಾರುಕಟ್ಟೆಗೆ ಹೊಸ ಮಾದರಿ ತರುವುದನ್ನು ನಿಲ್ಲಿಸಿತು. ಆಯ್ಕೆ ಕಿರಿದಾಗುತ್ತಲೇ ಇದೆ. ಕೊಳ್ಳುವ ಮನಸ್ಸಿದ್ದರೆ ತಡಮಾಡಬೇಡಿ. ನಿಮ್ಮದೇ ಎರಡು ಮೂರು ಡಿಸ್ಕುಗಳನ್ನು ಅಂಗಡಿಗೆ ಒಯ್ದು, ಹಾಕಿಸಿ ನೋಡಿದ ಮೇಲೆಯೇ ಹಣ ಕೊಡಿ.