ಚಿನ್ನ ಅಗೆದವರು ಯಾರು?

ಮನೆಯಲ್ಲಿರುವ ಒಡವೆಯನ್ನು ಮಾಡಿದ ಅಕ್ಕಸಾಲಿಗನ ಹೆಸರು ಹಿರಿಯರಿಗೆ ನೆನಪಿರುತ್ತದೆ. ಆದರೆ ಆ ಚಿನ್ನವನ್ನು ನೆಲದಿಂದ ಅಗೆದವನು ಯಾರೆಂದು ಕೇಳಿದವರುಂಟೆ?

ನಮ್ಮ ರಾಮತೀರ್ಥ ನಗರದಿಂದ ಬೆಳಗಾವಿಯ ಇನ್ನೊಂದು ಬದಿಗೆ ಹೋದರೆ ವಡಗಾವಿ-ಮಾಧವಪುರ ಸಿಗುತ್ತದೆ. ಅಲ್ಲಿ ಉತ್ಖನನ ನಡೆದಾಗ ಸಾತವಾಹನರ ಕಾಲದ ಪಟ್ಟಣವೊಂದು ಬೆಳಕಿಗೆ ಬಂದಿತು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಜನರು ಚಿನ್ನಕ್ಕಾಗಿ ಪಾತಾಳಕ್ಕೆ ಇಳಿಯುತ್ತಿದ್ದರು.

ಇದು ತಿಳಿದುದು ಹೇಗೆ? ಈಚಿನ ಕಾಲದಲ್ಲಿ ಹಟ್ಟಿಯ ಗಣಿಯನ್ನು ಮತ್ತೆ ತೆರೆದವರಿಗೆ 640 ಅಡಿಯ ಆಳದವರೆಗೂ ಹಿಂದಿನವರ ಅಗೆತದ ಗುರುತು ಕಂಡಿತು. ಒಳಗೆ ಉಳಿದಿದ್ದ ಮರದ ತುಂಡುಗಳನ್ನು ಪರೀಕ್ಷಿಸಲಾಗಿ, ಅವು ಸುಮಾರು 1,900 ವರ್ಷಗಳಷ್ಟು ಹಳೆಯವೆಂದು ಗೊತ್ತಾಯಿತು. ಮರವು ಜೀವಂತವಿರುವಾಗ ಹೀರಿಕೊಂಡ ಇಂಗಾಲದ ಒಂದು ಬಗೆಯು, ಮರ ಸತ್ತ ಮೇಲೆ ಗೊತ್ತಾದ ಪ್ರಮಾಣದಲ್ಲಿ ಕ್ಷಯಿಸುತ್ತ ಹೋಗುತ್ತದೆ. ಉಳಿದುದನ್ನು ಅಳೆದು ವಯಸ್ಸನ್ನು ಹೇಳುತ್ತಾರೆ. ಸಿಡಿಮದ್ದಿಲ್ಲದ ಆ ಕಾಲದಲ್ಲಿ ಬಂಡೆಗೆ ಬೆಂಕಿಯಿಟ್ಟು, ಕಾದ ಕಲ್ಲಿಗೆ ನೀರೆರಚಿ, ಬಿರುಕು ಬಿಡಿಸಿ ಅಗೆಯುತ್ತಿದ್ದರು. ಮೇಲೆ ತಂದ ಅದಿರನ್ನು ಕಲ್ಲುಗುಳಿಗಳಲ್ಲಿ ಕುಟ್ಟಿ ಅರೆಯುತ್ತಿದ್ದರು.

ಆಗಿನ ರೋಮನ್ ಸಾಮ್ರಾಜ್ಯದಲ್ಲಿ ವಿಪಾಸ್ಕ ಎಂಬ ಗಣಿಯೂರಿತ್ತು. ಇಂದಿನ ಪೋರ್ಚುಗಲ್ಲಿನ ಅಲ್ಜುಸ್ತ್ರೆಲ್ ಅದು. ಅಲ್ಲಿ 1876 ಮತ್ತು 1906ರಲ್ಲಿ ಎರಡು ಕಂಚಿನ ಶಾಸನಗಳು ದೊರೆತವು. ಸ್ನಾನಗೃಹಕ್ಕೆ ಬೆಳಗ್ಗೆ ಹೆಂಗಸರು, ಮಧ್ಯಾಹ್ನದ ಮೇಲೆ ಗಂಡಸರು ಬರತಕ್ಕದ್ದು. ಕ್ಷೌರ, ಚಮ್ಮಾರಿಕೆಗಳ ಗುತ್ತಿಗೆ ಹೀಗೆ ನಡೆಯತಕ್ಕದ್ದು ಎಂದೆಲ್ಲ ಕಟ್ಟಳೆ. ಶಾಲೆಯ ಉಪಾಧ್ಯಾಯರಿಗೆ ಮಾತ್ರ ಊರಿನ ಹೊಣೆಗಳಿಂದ ವಿನಾಯಿತಿ! ಉಪಾಧ್ಯಾಯನಾದ ನನಗೆ ಇದನ್ನು ಓದಿ ಸಂತೋಷವಾದುದರಲ್ಲಿ ಆಶ್ಚರ್ಯವೇನು?

ಹಟ್ಟಿಯವರಿಗೆ ಇಂಥ ಶಾಸನವಿಲ್ಲ. ಅದೇ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಕಂಡುಹಿಡಿದ ಶಾಸನವು ಅಶೋಕನ ಹೆಸರನ್ನು ಹೇಳಿತು. ದೊರೆಯ ಹೆಸರು ಉಳಿಯಿತು, ಅಗೆದವರದು ಉಳಿಯಲಿಲ್ಲ. ಅವರ ಪಾಲಿಗೆ ಮಸಿಯಾದ ಗೋಡೆ, ಸುರಂಗದಲ್ಲಿ ಉಳಿದ ಮರದ ತುಂಡು, ಸವೆದ ಕಲ್ಲುಗುಳಿಗಳೇ ಶಾಸನ. ಅಂಥ ಕಲ್ಲೊಂದನ್ನು ನಾವು ಅಡಿಪಾಯಕ್ಕೆ ಹಾಕಿಬಿಟ್ಟರೆ, ಓದಲು ಉಳಿದ ಒಂದು ಸಾಲನ್ನೂ ನಾವೇ ಅಳಿಸಿದಂತೆ. ಊರ ಹೊರಗೆ ಹಳೆಯ ಗುಳಿಗಲ್ಲು ಕಂಡರೆ ಒದ್ದು ಮುಂದೆ ಹೋಗದೆ, ತಿಳಿದವರಿಗೆ ತೋರಿಸಿರಿ. ಹೆಸರಿಲ್ಲದವರ ಚರಿತ್ರೆಗೆ ನಾವು ಮಾಡಬಹುದಾದ ಸೇವೆ ಇದಿಷ್ಟೇ.