ಚಿಕಿತ್ಸಾ ದಾಖಲೆಯ ಗೋಪ್ಯತೆ ಮತ್ತು ಪೋಲೀಸು ತನಿಖೆ

ರೋಗಿಯು ವೈದ್ಯರ ಬಳಿಗೆ ಬರುವಾಗ ದೇಹದ ನೋವನ್ನು ಮಾತ್ರ ತರುವುದಿಲ್ಲ; ಮನೆಯವರಿಗೂ ಹೇಳಲಾರದ ಹಲವು ಸಂಗತಿಗಳನ್ನು ಹೊತ್ತು ತರುತ್ತಾನೆ. ಕುಡಿತದ ಚಟ, ಮನಸ್ಸಿನ ಬೇಗುದಿ, ಹೇಳಲು ನಾಚಿಕೆಯಾಗುವ ರೋಗ, ಇವೆಲ್ಲ ವೈದ್ಯರ ಕಿವಿಗೆ ಬಿದ್ದು, ಬಳಿಕ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಬರಹವಾಗಿ ಉಳಿಯುತ್ತವೆ. ಅವನು ಹೇಳಿದ್ದು ಚಿಕಿತ್ಸೆಗಾಗಿಯೇ ಹೊರತು ಮತ್ತಾವ ಉದ್ದೇಶಕ್ಕೂ ಅಲ್ಲ. ಆದುದರಿಂದ ಆ ಬರಹವು ಆಸ್ಪತ್ರೆಯ ಕಪಾಟಿನಲ್ಲಿದ್ದರೂ ರೋಗಿಯು ನಂಬಿ ಒಪ್ಪಿಸಿದ ನಿಕ್ಷೇಪವೇ ಸರಿ. ಅದನ್ನು ಪೋಲೀಸರು ಕೇಳಿದಾಗ ಆಸ್ಪತ್ರೆಯ ಕರ್ತವ್ಯವೇನು ಎಂಬುದು ವಿಚಾರಾರ್ಹವಾದ ವಿಷಯ.

ಪೋಲೀಸರ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಹೊಡೆದಾಟ, ಅಪಘಾತ, ವಿಷಪ್ರಾಶನ, ಸುಟ್ಟಗಾಯ ಮೊದಲಾದ ಪ್ರಕರಣಗಳಲ್ಲಿ ವೈದ್ಯರೇ ಠಾಣೆಗೆ ಸುದ್ದಿ ಮುಟ್ಟಿಸುವುದು ರೂಢಿ. ಗಾಯದ ಪ್ರಮಾಣಪತ್ರವಿಲ್ಲದೆ ನೊಂದವನಿಗೆ ನ್ಯಾಯ ದೊರೆಯುವುದೂ ಕಷ್ಟ. ಆದರೆ ಗಾಯದ ವಿವರವನ್ನು ಕೊಡುವುದು ಒಂದು. ಗಾಯಗೊಂಡವನ ಹಿಂದಿನ ರೋಗಗಳ ಚರಿತ್ರೆಯನ್ನೆಲ್ಲ ತೆರೆದಿಡುವುದು ಮತ್ತೊಂದು. ಈ ಎರಡರ ನಡುವಣ ಗೆರೆಯನ್ನು ನಮ್ಮ ಕಾನೂನು ಸ್ಪಷ್ಟವಾಗಿ ಎಳೆದಿಲ್ಲ.

ವೈದ್ಯರ ನಡವಳಿಕೆಯನ್ನು ಕುರಿತ 2002ರ ನಿಯಮಾವಳಿಯಲ್ಲಿಯೇ ಈ ಅಸ್ಪಷ್ಟತೆಯಿದೆ. ಚಿಕಿತ್ಸೆಯಲ್ಲಿ ತಿಳಿದ ಗುಟ್ಟನ್ನು ನ್ಯಾಯಾಧೀಶರ ಆದೇಶವಿದ್ದಾಗ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯವಿದ್ದಾಗ, ಅಥವಾ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗವಾದಾಗ ಮಾತ್ರ ಹೊರಗೆಡಹಬಹುದೆಂದು ಅದು ಒಂದೆಡೆ ಹೇಳುತ್ತದೆ. ಇನ್ನೊಂದೆಡೆ, ರೋಗಿಯಾಗಲಿ ಕಾನೂನಿನ ಅಧಿಕಾರಿಗಳಾಗಲಿ ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕೆನ್ನುತ್ತದೆ. ಆ ಅಧಿಕಾರಿಗಳು ಯಾರು, ಅವರ ಕೋರಿಕೆಗೆ ಮಿತಿಯೇನು ಎಂಬುದನ್ನು ಅದು ಬಿಡಿಸಿ ಹೇಳಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಪ್ರಕರಣದಂತೆ, ತನಿಖೆಗೆ ಅವಶ್ಯವಾದ ದಾಖಲೆಯನ್ನು ಠಾಣಾಧಿಕಾರಿಯು ಲಿಖಿತ ಆದೇಶದಿಂದಲೇ ತರಿಸಿಕೊಳ್ಳಬಹುದು. ಆದರೆ ಅಂಚೆಯ ವಶದಲ್ಲಿರುವ ಕಾಗದಕ್ಕೆ ಈ ಅಧಿಕಾರ ಸಲ್ಲುವುದಿಲ್ಲ. 95ನೆಯ ಪ್ರಕರಣದಂತೆ ಅದಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅಥವಾ ಮೇಲಣ ನ್ಯಾಯಾಲಯದ ಆದೇಶ ಬೇಕು. ವಕೀಲರಿಗೆ ಕಕ್ಷಿದಾರನು ಹೇಳಿದ ಮಾತಿಗೂ 1872ರ ಸಾಕ್ಷ್ಯ ಅಧಿನಿಯಮದಿಂದ ಮೊದಲ್ಗೊಂಡು ಇಂದಿನವರೆಗೆ ರಕ್ಷಣೆಯುಂಟು; ವೈದ್ಯರಿಗೆ ಹೇಳಿದ ಮಾತಿಗೆ ಅಂತಹ ರಕ್ಷಣೆಯಿಲ್ಲ. ಅಂಚೆಯ ಲಕೋಟೆಗಿರುವ ಬೇಲಿ ರೋಗಿಯ ಕೇಸ್ ಶೀಟಿಗಿಲ್ಲವೆಂಬುದು ಸೋಜಿಗವಲ್ಲವೆ?

ಕೆಲವು ರೋಗಿಗಳಿಗೆ ಮಾತ್ರ ವಿಶೇಷ ಕಾನೂನುಗಳ ಆಸರೆ ದೊರೆತಿದೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮದಂತೆ, ಸೋಂಕಿನ ಸಂಗತಿಯನ್ನು ರೋಗಿಯ ಸಮ್ಮತಿಯಿಲ್ಲದೆ ಪ್ರಕಟಿಸಲು ಸಾಮಾನ್ಯವಾಗಿ ನ್ಯಾಯಾಲಯದ ಆದೇಶ ಬೇಕು. ಗರ್ಭಪಾತಕ್ಕೆ ಬಂದ ಹೆಣ್ಣುಮಗಳ ಹೆಸರನ್ನು ಕಾನೂನು ಅಧಿಕಾರವಿಲ್ಲದವರಿಗೆ ತಿಳಿಸಿದ ವೈದ್ಯರಿಗೆ 2021ರ ತಿದ್ದುಪಡಿಯು ಒಂದು ವರ್ಷದವರೆಗೆ ಸೆರೆವಾಸವನ್ನು ವಿಧಿಸಿದೆ. ಹದಿನೆಂಟು ತುಂಬದ ಬಾಲೆಯರ ವಿಷಯದಲ್ಲಿ ಪೋಕ್ಸೊ ಕಾಯಿದೆಯಂತೆ ಪೋಲೀಸರಿಗೆ ವರದಿ ಕೊಡಲೇಬೇಕು. ಈ ಅಂಜಿಕೆಯಿಂದ ಅವರು ಅರ್ಹತೆಯಿಲ್ಲದವರ ಕೈಗೆ ಸಿಲುಕಬಹುದೆಂಬುದನ್ನು ಮನಗಂಡ ಸರ್ವೋಚ್ಚ ನ್ಯಾಯಾಲಯವು, ಬಾಲೆಯೂ ಪೋಷಕರೂ ಕೋರಿದಲ್ಲಿ ಆ ವರದಿಯಲ್ಲಿ ಅವಳ ಗುರುತನ್ನು ತಿಳಿಸಬೇಕಾಗಿಲ್ಲವೆಂದು 2022ರ ಸೆಪ್ಟೆಂಬರ್ 29ರಂದು ತೀರ್ಪಿತ್ತಿತು. ಗುಟ್ಟು ರಟ್ಟಾಗುವ ಭಯವು ರೋಗಿಯನ್ನು ಆಸ್ಪತ್ರೆಯಿಂದಲೇ ದೂರವಿಡುತ್ತದೆಂಬ ಸತ್ಯ ಇಲ್ಲಿ ಅಡಗಿದೆ.

ಮಿಕ್ಕ ರೋಗಿಗಳಿಗೆ ದಿಕ್ಕಾಗಿರುವುದು ಸಂವಿಧಾನ. ಗ್ರಾಹಕನ ಕಾಗದಪತ್ರಗಳು ಬ್ಯಾಂಕಿನ ಕೈಯಲ್ಲಿದ್ದರೂ ಅವನ ಖಾಸಗಿತನ ಅಳಿಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಕೆನರಾ ಬ್ಯಾಂಕ್ ಮೊಕದ್ದಮೆಯಲ್ಲಿ 2004ರಲ್ಲಿಯೇ ಹೇಳಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದರಲ್ಲಿ ಕೈಯಿಡುವ ಸರ್ಕಾರಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಕ್ರಮವು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಆದರೂ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಅಧಿನಿಯಮವು ಅಪರಾಧ ತನಿಖೆಗೆ ವಿಶಾಲವಾದ ವಿನಾಯಿತಿಯನ್ನು ಕೊಟ್ಟಿರುವುದು ಗಮನಾರ್ಹ.

ಹೀಗಿರಲು ಆಸ್ಪತ್ರೆಗಳು ತಾವಾಗಿಯೇ ಒಂದು ಶಿಸ್ತನ್ನು ಪಾಲಿಸುವುದು ಶ್ರೇಯಸ್ಕರ. ಬಾಯಿಮಾತಿನ ಕೋರಿಕೆಗೆ ದಾಖಲೆಯನ್ನು ಕೊಡಬಾರದು; ಮೊಕದ್ದಮೆಯ ಸಂಖ್ಯೆ, ಅಧಿಕಾರಿಯ ಸಹಿ, ಬೇಕಾದ ಭಾಗದ ವಿವರಗಳುಳ್ಳ ಲಿಖಿತ ಆದೇಶವನ್ನು ಕೇಳಬೇಕು. ಕೇಳಿದ್ದಕ್ಕಿಂತ ಹೆಚ್ಚಿನದನ್ನು ಒಪ್ಪಿಸಬಾರದು. ಯಾರಿಗೆ, ಎಂದು, ಏನನ್ನು ಕೊಡಲಾಯಿತೆಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಸಂದೇಹವಿದ್ದಲ್ಲಿ ನ್ಯಾಯಾಲಯದ ಮಾರ್ಗದರ್ಶನವನ್ನು ಬೇಡಬೇಕು. ಇದು ಪೋಲೀಸರೊಡನೆ ಹಗೆತನವಲ್ಲ. ಕ್ರಮಬದ್ಧವಾಗಿ ಪಡೆದ ಸಾಕ್ಷ್ಯವೇ ನ್ಯಾಯಾಲಯದಲ್ಲಿ ಗಟ್ಟಿಯಾಗಿ ನಿಲ್ಲುವುದು.

ನಮ್ಮ ನಾಡಿನ ಮಠಗಳು ಅನ್ನ ಮತ್ತು ಅಕ್ಷರಗಳೊಡನೆ ಔಷಧದ ದಾಸೋಹವನ್ನೂ ನಡೆಸಿಕೊಂಡು ಬಂದಿವೆ. ದಾನಿಗಳ ಧನದಿಂದ ಕಟ್ಟಡಗಳು ಏಳುತ್ತವೆ, ಯಂತ್ರಗಳು ಬರುತ್ತವೆ. ಆದರೆ ಬಡವನೊಬ್ಬನು ಅಂಜದೆ ಬಾಗಿಲಿಗೆ ಬಂದು ತನ್ನ ನೋವನ್ನು ಮುಚ್ಚಿಡದೆ ಹೇಳಿಕೊಳ್ಳುವಂತೆ ಮಾಡುವುದು ನಂಬಿಕೆಯೊಂದೇ. ಅದನ್ನು ಕಾಯುವುದು ಚಿಕಿತ್ಸೆಯಷ್ಟೇ ಮಹತ್ತ್ವದ ಸೇವೆ.